ರೇಡ್ ಸರ್ವರ್ ದಿಢೀರ್ ನಿಧಾನವಾಯಿತಾ? ಮೊದಲು ರೈಟ್ ಪಾಲಿಸಿ ನೋಡಿ

ಶನಿವಾರ ಸಂಜೆ ಸರ್ವರ್‌ಗೆ ಒಂದು ಡಿಸ್ಕ್ ಸೇರಿಸಿ ಬಂದೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್. "ಏನ್ ಮಾಡಿಬಿಟ್ರಿ ಸಾರ್? ಒಂದು ಬಿಲ್ ಸೇವ್ ಆಗೋಕೆ ಅರ್ಧ ನಿಮಿಷ ತಗೊಳ್ತಿದೆ. ಕೌಂಟರ್ ಮುಂದೆ ಜನ ನಿಂತಿದ್ದಾರೆ."

ದಾವಣಗೆರೆಯ ಒಂದು ಹೋಲ್‌ಸೇಲ್ ಅಂಗಡಿ ಅದು. ಸರ್ವರ್ ಹಳೆಯದು, ಆದರೆ ಗಟ್ಟಿ. 2 ಟಿಬಿಯ ನಾಲ್ಕು ಸಾಟಾ ಡಿಸ್ಕ್, ರೇಡ್ 5 (ಹಲವು ಡಿಸ್ಕ್ ಸೇರಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಇಡುವ ಏರ್ಪಾಡು), ಒಂದೇ ವರ್ಚುವಲ್ ಡಿಸ್ಕ್, ಅಂದರೆ ನಾಲ್ಕೂ ಸೇರಿ ಸರ್ವರ್ ಕಣ್ಣಿಗೆ ಒಂದೇ ಡಿಸ್ಕ್. ಜಾಗ ತುಂಬುತ್ತಾ ಬಂದಿತ್ತು. ಐದನೇ ಡಿಸ್ಕ್ ಹಾಕಿ, ಡೇಟಾವನ್ನು ಐದೂ ಡಿಸ್ಕ್ ಮೇಲೆ ಮತ್ತೆ ಹರಡುವ ರೀಕನ್ಫಿಗರ್ ಆಯ್ಕೆ ಕೊಟ್ಟು ಬಂದಿದ್ದೆ. ಸರ್ವರ್ ನಿಲ್ಲಿಸದೆ ನಡೆಯುವ ಕೆಲಸ ಇದು. ಭಾನುವಾರ ಅಂಗಡಿಗೆ ರಜೆ, ಅಷ್ಟರಲ್ಲಿ ಮುಗಿದಿರುತ್ತದೆ ಅಂತ ನನ್ನ ಲೆಕ್ಕ. ಮುಗಿದಿರಲಿಲ್ಲ. ಹೋಗಿ ನೋಡಿದರೆ 58 ಪರ್ಸೆಂಟ್.

ಈ ಒಂದು ಕೇಸಿನಲ್ಲಿ ನಾನು ಎರಡು ತಪ್ಪು ಮಾಡಿದೆ, ಮೂರನೆಯದೊಂದನ್ನು ಕಂಡುಹಿಡಿದೆ. ನಿಮ್ಮ ಸರ್ವರ್‌ಗೂ ಹೀಗೆ ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಅದೇ ಕೇಸ್ ಹಿಡಿದುಕೊಂಡು ಹೇಳುತ್ತೇನೆ. ಇಲ್ಲಿ ಹೇಳುವುದು ಮೆಗಾರೇಡ್ ಕುಟುಂಬದ ಕಂಟ್ರೋಲರ್‌ಗಳ, ಅಂದರೆ ರೇಡ್ ಡಿಸ್ಕ್‌ಗಳನ್ನು ನಡೆಸುವ ಕಾರ್ಡ್‌ಗಳ ಬಗ್ಗೆ. ಡೆಲ್ ಸರ್ವರ್‌ಗಳಲ್ಲಿ ಪರ್ಕ್ ಅಂತ ಬರುವ ಕಾರ್ಡ್‌ಗಳಲ್ಲಿ ಹೆಚ್ಚಿನವು ಒಳಗೆ ಇದೇ ಕುಟುಂಬದವು. ಮೆಗಾರೇಡ್ ಮಾಡುತ್ತಿದ್ದ ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೊ ಕೊಂಡಿತು. 2016ರಲ್ಲಿ ಅವಾಗೊ ಬ್ರಾಡ್‌ಕಾಮ್ ಅನ್ನೂ ಕೊಂಡು, ಆ ಹೆಸರನ್ನೇ ಇಟ್ಟುಕೊಂಡಿತು. ಅದಕ್ಕೇ ಒಂದೇ ಕಾರ್ಡಿನ ಕೈಪಿಡಿ ಮೂರು ಹೆಸರಿನಲ್ಲಿ ಸಿಗುತ್ತದೆ. ಕಾರ್ಡಿನ ಸೆಟ್ಟಿಂಗ್ ನೋಡುವ, ಬದಲಿಸುವ ಟೂಲ್‌ಗಳದ್ದೂ ಇದೇ ಕಥೆ: ಮೊದಲು ಮೆಗಾಸಿಎಲ್‌ಐ, ಆಮೇಲೆ ಸ್ಟೋರ್‌ಸಿಎಲ್‌ಐ, ಡೆಲ್‌ನವರದ್ದು ಪರ್ಕ್‌ಸಿಎಲ್‌ಐ. ಗಾಬರಿ ಬೇಡ, ಅರ್ಥ ಎಲ್ಲದರಲ್ಲೂ ಒಂದೇ.

ಕಚ್ಚಾ ಪುಸ್ತಕ, ಪಕ್ಕಾ ಪುಸ್ತಕ

"ಕ್ಯಾಶ್ ಸಮಸ್ಯೆ ಇರಬಹುದು" ಅಂದಾಗ ಮಾಲೀಕರು ಗಲ್ಲಾಪೆಟ್ಟಿಗೆ ಕಡೆ ನೋಡಿದರು. ಈ ಕ್ಯಾಶ್ ಬೇರೆ. ಆದರೆ ಅವರಿಗೆ ಅರ್ಥ ಮಾಡಿಸಿದ್ದು ಅಂಗಡಿಯ ಲೆಕ್ಕದಲ್ಲೇ.

ಗಿರಾಕಿ ಬಂದಾಗ ಗುಮಾಸ್ತ ಕಚ್ಚಾ ಪುಸ್ತಕದಲ್ಲಿ ಗೀಚಿಕೊಂಡು "ಆಯ್ತು, ನೀವು ಹೊರಡಿ" ಅನ್ನುತ್ತಾನೆ. ಬಿಡುವಾದಾಗ ಎಲ್ಲವನ್ನೂ ಒಟ್ಟಿಗೆ ಪಕ್ಕಾ ಪುಸ್ತಕಕ್ಕೆ ಇಳಿಸುತ್ತಾನೆ. ಇದು ರೈಟ್ ಬ್ಯಾಕ್. ಪ್ರತಿ ಗಿರಾಕಿಯನ್ನೂ ನಿಲ್ಲಿಸಿಕೊಂಡು, ಪಕ್ಕಾ ಪುಸ್ತಕದಲ್ಲೇ ಬರೆದು ಮುಗಿಸಿ, ಆಮೇಲೆ "ಆಯ್ತು" ಅಂದರೆ ಅದು ರೈಟ್ ಥ್ರೂ. ಎರಡನೆಯದರಲ್ಲಿ ಮೋಸವಿಲ್ಲ, ಆದರೆ ಕ್ಯೂ ಬೆಳೆಯುತ್ತದೆ. ಡಿಸ್ಕ್‌ಗೆ ಬರೆಯುವಾಗ ಈ ಎರಡರಲ್ಲಿ ಯಾವ ರೀತಿ ಅನ್ನುವುದೇ ರೈಟ್ ಪಾಲಿಸಿ.

ಕಂಟ್ರೋಲರ್‌ನ ಕಚ್ಚಾ ಪುಸ್ತಕ ಅಂದರೆ ಕಾರ್ಡಿನ ಮೇಲಿರುವ ಮೆಮೊರಿ. ಇದೇ ಕ್ಯಾಶ್. ಕರೆಂಟ್ ಹೋದರೆ ಅದರಲ್ಲಿದ್ದದ್ದೂ ಹೋಗುತ್ತದೆ. ಅದಕ್ಕೇ ಕಾರ್ಡಿಗೆ ಒಂದು ಬ್ಯಾಟರಿ ಇರುತ್ತದೆ. ಹಳೆಯ ಕಾರ್ಡ್‌ಗಳಲ್ಲಿ ಕರೆಂಟ್ ಬರುವವರೆಗೆ ಬ್ಯಾಟರಿಯೇ ಮೆಮೊರಿಯನ್ನು ಉಳಿಸಿಕೊಂಡಿರಬೇಕು. ಹೊಸದರಲ್ಲಿ ಅದು ಕೊಂಚ ಹೊತ್ತು ಬಾಳಿದರೆ ಸಾಕು, ಅಷ್ಟರಲ್ಲಿ ಕಾರ್ಡ್ ಮೆಮೊರಿಯಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ಇಳಿಸಿಕೊಳ್ಳುತ್ತದೆ. ಕ್ಯಾಶ್‌ವಾಲ್ಟ್ ಅನ್ನುವ ಬಗೆಯಲ್ಲಿ ಬ್ಯಾಟರಿಯ ಬದಲು ಸೂಪರ್ ಕೆಪ್ಯಾಸಿಟರ್ ಇರುತ್ತದೆ.

ಈ ಕ್ಯಾಶ್ ಇಲ್ಲದಿದ್ದರೆ ರೇಡ್ 5 ಯಾಕೆ ಅಷ್ಟು ಒದ್ದಾಡುತ್ತದೆ? ಡೇಟಾ ಜೊತೆಗೆ ಪ್ಯಾರಿಟಿಯನ್ನೂ, ಅಂದರೆ ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಕಟ್ಟಲು ಬೇಕಾದ ಲೆಕ್ಕವನ್ನೂ ಅದು ಇಡುತ್ತದೆ. ಹಾಗಾಗಿ ಒಂದು ಸಣ್ಣ ರೈಟ್‌ಗೆ ನಾಲ್ಕು ಕೆಲಸ ಆಗಬೇಕು. ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. ರೇಡ್ 6ರಲ್ಲಿ ಎರಡು ಪ್ಯಾರಿಟಿ ಇರುವುದರಿಂದ ಆರು. 7200 ಆರ್‌ಪಿಎಂ ಡಿಸ್ಕ್ ಅರ್ಧ ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ತಲೆ ಸರಿಯಲು ಇನ್ನೂ 8-9. ಅಂದರೆ ಅಲ್ಲಿ ಇಲ್ಲಿ ಚದುರಿದ ಕೆಲಸ ಸೆಕೆಂಡಿಗೆ 75-80 ಮಾಡಿದರೆ ಹೆಚ್ಚು. ನಾಲ್ಕು ಡಿಸ್ಕ್ ಸೇರಿ 300. ಅದನ್ನು ನಾಲ್ಕರಿಂದ ಭಾಗಿಸಿ. ಇಡೀ ಅಂಗಡಿಗೆ ಸೆಕೆಂಡಿಗೆ 75 ಸಣ್ಣ ರೈಟ್, ಅಷ್ಟೇ! ಒಂದು ಬಿಲ್ ಸೇವ್ ಆಗುವಾಗ ಸಾಫ್ಟ್‌ವೇರ್ ಡೇಟಾಬೇಸ್‌ನಲ್ಲಿ ಹತ್ತಾರು ಕಡೆ ಬರೆಯುತ್ತದೆ. ಹತ್ತು ಕೌಂಟರ್ ಇದ್ದರೆ ಮುಗಿಯಿತು.

ರೈಟ್ ಬ್ಯಾಕ್ ಇದ್ದಾಗ ಈ ನೋವು ಯಾರಿಗೂ ಗೊತ್ತಾಗುವುದಿಲ್ಲ. ರೈಟ್ ಮೆಮೊರಿಗೆ ಬಿದ್ದ ತಕ್ಷಣ "ಆಯ್ತು" ಅಂತ ಉತ್ತರ ಬರುತ್ತದೆ, ಒಂದು ಮಿಲಿಸೆಕೆಂಡಿನೊಳಗೇ. ಹಾಗಾಗಿ "ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ದಿಢೀರ್ ಸತ್ತುಹೋಯಿತು, ಓದುವುದು ಪರವಾಗಿಲ್ಲ, ಬರೆಯುವುದು ಮಾತ್ರ ಆಮೆ" ಅನ್ನುವ ದೂರು ಬಂದರೆ ನನ್ನ ಮೊದಲ ಅನುಮಾನ ಕ್ಯಾಶ್ ಮೇಲೆ. ವಿಂಡೋಸ್ ಆದರೆ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಒಂದು ರೈಟ್‌ಗೆ ಸರಾಸರಿ ಎಷ್ಟು ಹೊತ್ತು ಅಂತ ನೋಡಿ. ಲಿನಕ್ಸ್ ಆದರೆ ಐಒಸ್ಟ್ಯಾಟ್ ಕಮಾಂಡ್. ಒಂದೆರಡು ಮಿಲಿಸೆಕೆಂಡ್ ಇರಬೇಕಾದದ್ದು 30, 50, 100 ಅಂತ ತೋರಿಸಿದರೆ ಸರಿಯಾದ ದಾರಿಯಲ್ಲಿದ್ದೀರಿ. ನೆಟ್‌ವರ್ಕ್ ಕೇಬಲ್ ಎಳೆದು ನೋಡುವುದು, ಆಂಟಿವೈರಸ್ ತೆಗೆಯುವುದು ಇವೆಲ್ಲ ಆಮೇಲೆ.

ಎರಡು ಪಾಲಿಸಿಗಳಿವೆ, ಎರಡನ್ನೂ ನೋಡಿ

ಇದು ತುಂಬಾ ಜನ ತಪ್ಪಿಸಿಕೊಳ್ಳುವ ಜಾಗ. ವರ್ಚುವಲ್ ಡಿಸ್ಕ್‌ಗೆ ನಾವು ಇಟ್ಟ ಪಾಲಿಸಿ ಒಂದು, ಈ ಕ್ಷಣಕ್ಕೆ ಕಂಟ್ರೋಲರ್ ನಿಜವಾಗಿ ನಡೆಸುತ್ತಿರುವ ಪಾಲಿಸಿ ಇನ್ನೊಂದು. ಮೆಗಾಸಿಎಲ್‌ಐನಲ್ಲಿ ವರ್ಚುವಲ್ ಡಿಸ್ಕ್ ವಿವರ ಕೇಳಿದರೆ ಡೀಫಾಲ್ಟ್ ಕ್ಯಾಶ್ ಪಾಲಿಸಿ (ನಾವು ಇಟ್ಟದ್ದು), ಕರೆಂಟ್ ಕ್ಯಾಶ್ ಪಾಲಿಸಿ (ಈಗ ನಡೆಯುತ್ತಿರುವುದು) ಅಂತ ಎರಡು ಸಾಲು ಬರುತ್ತವೆ. ಡೀಫಾಲ್ಟ್ ಸಾಲು ರೈಟ್ ಬ್ಯಾಕ್, ಕರೆಂಟ್ ಸಾಲು ರೈಟ್ ಥ್ರೂ ಅಂತಿದ್ದರೆ ಯಾರೂ ಸೆಟ್ಟಿಂಗ್ ಕೆಡಿಸಿಲ್ಲ ಅಂತ ಅರ್ಥ. ಕಂಟ್ರೋಲರ್ ತಾನೇ ಕೆಳಗಿಳಿದಿದೆ, ಏನೋ ಕಾರಣ ಇಟ್ಟುಕೊಂಡು. ಎರಡೂ ರೈಟ್ ಥ್ರೂ ಆಗಿದ್ದರೆ ಯಾರೋ ಕೈಯಾರೆ ಹಾಗೆ ಇಟ್ಟಿದ್ದಾರೆ.

ಆ ಸಾಲಿನ ಕೊನೆಯಲ್ಲಿ ಇನ್ನೊಂದು ತುಣುಕು ಇರುತ್ತದೆ. ಬ್ಯಾಟರಿ ಕೆಟ್ಟಿದ್ದರೆ ರೈಟ್ ಕ್ಯಾಶ್ ಬೇಡ ಅಂತಲೋ, ಕೆಟ್ಟಿದ್ದರೂ ಪರವಾಗಿಲ್ಲ ಅಂತಲೋ. ಇದನ್ನು ಓದದೆ ಮುಂದೆ ಹೋಗಬೇಡಿ. ಎರಡನೆಯದನ್ನೇ ಬೇರೆ ಕಡೆ ಫೋರ್ಸ್ ರೈಟ್ ಬ್ಯಾಕ್, ಆಲ್ವೇಸ್ ರೈಟ್ ಬ್ಯಾಕ್ ಅಂತ ಕರೆಯುತ್ತಾರೆ. ಸ್ಟೋರ್‌ಸಿಎಲ್‌ಐ ಪಟ್ಟಿಯಲ್ಲಿ ಎಡಬ್ಲ್ಯೂಬಿ ಅಂತ ಅಕ್ಷರ ಕಂಡರೆ ಅದೇ. ಬರೀ ಡಬ್ಲ್ಯೂಬಿ ಅಂದರೆ ಬ್ಯಾಟರಿ ನೋಡಿಕೊಂಡು ನಡೆಯುವ ರೈಟ್ ಬ್ಯಾಕ್, ಡಬ್ಲ್ಯೂಟಿ ಅಂದರೆ ರೈಟ್ ಥ್ರೂ.

ಏನಾದರೂ ಬದಲಿಸುವ ಮುಂಚೆ ಈ ಪರದೆಯನ್ನು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. ನನ್ನ ಕೇಸಿನಲ್ಲಿ ಕೊನೆಗೆ ಮಾನ ಉಳಿಸಿದ್ದು ಶನಿವಾರ ಸುಮ್ನೆ ತೆಗೆದಿಟ್ಟ ಒಂದು ಫೋಟೊ.

ಒಂದು ಮಾತು: ಎಸ್‌ಎಸ್‌ಡಿಗಳ ವರ್ಚುವಲ್ ಡಿಸ್ಕ್‌ನಲ್ಲಿ ರೈಟ್ ಥ್ರೂ ಕಂಡರೆ ಹೌಹಾರಬೇಡಿ. ಫಾಸ್ಟ್‌ಪಾಥ್ ಅನ್ನುವ ಸೌಲಭ್ಯ ಕೆಲಸ ಮಾಡಲು ರೈಟ್ ಥ್ರೂ ಮತ್ತು ನೋ ರೀಡ್ ಅಹೆಡ್ (ಮುಂದಿನದನ್ನು ಮೊದಲೇ ಓದಿಡದಿರುವುದು) ಇರಬೇಕು. ಅಲ್ಲಿ ಕ್ಯಾಶ್ ದಾಟಿ ನೇರ ಹೋಗುವುದೇ ವೇಗ. ನಾನಿಲ್ಲಿ ಹೇಳುತ್ತಿರುವುದೆಲ್ಲ ತಿರುಗುವ ಡಿಸ್ಕ್‌ಗಳ ಕಥೆ.

ಯಾಕೆ ಕೆಳಗಿಳಿಯಿತು?

ಉತ್ತರ ಕಂಟ್ರೋಲರ್ ಲಾಗ್‌ನಲ್ಲೇ ಇರುತ್ತದೆ. ಬ್ಯಾಟರಿ ಕೈಕೊಟ್ಟಿದೆ, ಅದಕ್ಕೆ ರೈಟ್ ಬ್ಯಾಕ್ ಡಿಸ್ಕ್‌ಗಳನ್ನು ರೈಟ್ ಥ್ರೂ ಮಾಡುತ್ತಿದ್ದೇನೆ, ಫೋರ್ಸ್ ಮಾಡಿದವನ್ನು ಮುಟ್ಟುತ್ತಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಡೆಲ್‌ನ ಸರ್ವರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಓಪನ್‌ಮ್ಯಾನೇಜ್ ಇದ್ದರೆ ವಿಂಡೋಸ್ ಇವೆಂಟ್ ಲಾಗ್‌ನಲ್ಲಿ ನಂಬರ್ ಹುಡುಕಿ. 2188 ಅಂದರೆ ರೈಟ್ ಥ್ರೂಗೆ ಬದಲಾಯಿತು, 2189 ಅಂದರೆ ರೈಟ್ ಬ್ಯಾಕ್‌ಗೆ ಮರಳಿತು. 2169 ಬಂದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಹೆಚ್ಚಿನ ಸಲ ಕಾರಣ ಬ್ಯಾಟರಿಯೇ. ಅದರಲ್ಲೂ ಎರಡು ಬಗೆ. ನಿಜವಾಗಿ ಸತ್ತಿರಬಹುದು, ಅಥವಾ ಲರ್ನ್ ಸೈಕಲ್ ನಡೆಯುತ್ತಿರಬಹುದು. ಲರ್ನ್ ಸೈಕಲ್ ಅಂದರೆ ಬ್ಯಾಟರಿಯ ಶಕ್ತಿ ಎಷ್ಟು ಉಳಿದಿದೆ ಅಂತ ಕಾರ್ಡ್ ತಾನೇ ಪರೀಕ್ಷೆ ಮಾಡುವುದು. ಪೂರ್ತಿ ಚಾರ್ಜ್ ಮಾಡಿ, ಖಾಲಿ ಮಾಡಿ, ಮತ್ತೆ ತುಂಬಿಸುತ್ತದೆ. ಪರ್ಕ್‌ನಲ್ಲಿ ಇದು 90 ದಿನಕ್ಕೊಮ್ಮೆ. ಪರ್ಕ್ 5, ಪರ್ಕ್ 6 ಕಾಲದ ಕಾರ್ಡ್‌ಗಳಲ್ಲಿ ಖಾಲಿಯಾಗಲು ಸುಮಾರು 3 ಗಂಟೆ, ತುಂಬಲು 4 ಗಂಟೆ. ಅಷ್ಟು ಹೊತ್ತೂ ಬ್ಯಾಟರಿಯನ್ನು ನಂಬುವಂತಿಲ್ಲ, ಹಾಗಾಗಿ ರೈಟ್ ಥ್ರೂ. "ಮೂರು ತಿಂಗಳಿಗೊಮ್ಮೆ ಒಂದು ದಿನ ಸರ್ವರ್‌ಗೆ ಜ್ವರ ಬರುತ್ತೆ, ಮಾರನೇ ದಿನ ತಾನೇ ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ನಗಬೇಡಿ, ಅವರು ಸರಿಯಾಗೇ ಗಮನಿಸಿದ್ದಾರೆ. ಲಾಗ್‌ನಲ್ಲಿ 2176 ಶುರು, 2177 ಮುಗಿತ. ಓಪನ್‌ಮ್ಯಾನೇಜ್‌ನಲ್ಲಿ ಇದನ್ನು ಏಳು ದಿನದವರೆಗೆ ಮುಂದೂಡಬಹುದು. ಭಾನುವಾರಕ್ಕೆ ತಳ್ಳಿದರೆ ಯಾರಿಗೂ ತೊಂದರೆಯಿಲ್ಲ. ಹೊಸ ಕಾರ್ಡ್‌ಗಳಲ್ಲಿ ಈ ಪರೀಕ್ಷೆ ಕೆಲಸಕ್ಕೆ ಅಡ್ಡ ಬರದಂತೆ ನಡೆಯುತ್ತದೆ.

ಬ್ಯಾಟರಿ ಬಿಸಿಯಾದರೂ ತೊಂದರೆಯೇ. ಏಪ್ರಿಲ್, ಮೇ ತಿಂಗಳಲ್ಲಿ ಶನಿವಾರ ಸಂಜೆ ಎಸಿ ಆಫ್ ಮಾಡಿ ಬೀಗ ಹಾಕಿಕೊಂಡು ಹೋಗುವ ಆಫೀಸ್‌ಗಳಿವೆಯಲ್ಲ, ಅಲ್ಲಿಯ ಸರ್ವರ್ ರೂಮಿನಲ್ಲಿ ಕೈ ಇಟ್ಟು ನೋಡಿ. ಬ್ಯಾಟರಿ ಉಷ್ಣತೆ ಹೆಚ್ಚಾಗಿದೆ ಅನ್ನುವ ಎಚ್ಚರಿಕೆ ಲಾಗ್‌ನಲ್ಲಿ ಇರುತ್ತದೆ. ಬ್ಯಾಟರಿಯ ಆಯಸ್ಸನ್ನು ತಿನ್ನುವುದೂ ಈ ಬಿಸಿಯೇ.

ಇನ್ನು ಪಾಲಿಸಿ ಬದಲಾಗದೆಯೂ ನಿಧಾನ ಆಗಬಹುದು. ಹಾಳಾದ ಡಿಸ್ಕ್‌ನ ರೀಬಿಲ್ಡ್, ಬ್ಯಾಕ್‌ಗ್ರೌಂಡ್ ಇನಿಶಿಯಲೈಸೇಶನ್, ಕನ್ಸಿಸ್ಟೆನ್ಸಿ ಚೆಕ್, ವಾರಕ್ಕೊಮ್ಮೆ ಬರುವ ಪೆಟ್ರೋಲ್ ರೀಡ್. ಕಾರ್ಡ್ ಹಿನ್ನೆಲೆಯಲ್ಲಿ ನಡೆಸುವ ಈ ದುರಸ್ತಿ, ತಪಾಸಣೆ ಕೆಲಸಗಳೆಲ್ಲ ಡಿಸ್ಕ್‌ನ ಸಮಯ ತಿನ್ನುತ್ತವೆ, ಆದರೆ ಕರೆಂಟ್ ಸಾಲು ರೈಟ್ ಬ್ಯಾಕ್ ಆಗೇ ಇರುತ್ತದೆ. ಪ್ರೋಗ್ರೆಸ್ ನೋಡಿದರೆ ಗೊತ್ತಾಗುತ್ತದೆ, ಕಾಯಿರಿ.

ರೀಕನ್ಫಿಗರ್ ನಡೆಯುವಾಗ ಏನಾಗುತ್ತದೆ

ನನ್ನ ಕೇಸಿಗೆ ಬರೋಣ. ಡೀಫಾಲ್ಟ್ ರೈಟ್ ಬ್ಯಾಕ್, ಕರೆಂಟ್ ರೈಟ್ ಥ್ರೂ. ನಾನು ಅವಸರದಲ್ಲಿ ಮಾಡಿದ ಮೊದಲ ತಪ್ಪು ಇದು: ಕಾರಣ ಹುಡುಕದೆ ಪಾಲಿಸಿಯನ್ನು ಮತ್ತೆ ರೈಟ್ ಬ್ಯಾಕ್ ಅಂತ ಬರೆದೆ. ಕರೆಂಟ್ ಸಾಲು ಕದಲಲಿಲ್ಲ. ಮತ್ತೊಮ್ಮೆ ಬರೆದೆ. ಊಹೂಂ.

ಕದಲುವುದೂ ಇಲ್ಲ. ಡಿಸ್ಕ್ ಸೇರಿಸುವುದಾಗಲಿ, ರೇಡ್ ಲೆವೆಲ್ ಬದಲಿಸುವುದಾಗಲಿ ನಡೆಯುತ್ತಿರುವ ವರ್ಚುವಲ್ ಡಿಸ್ಕ್ ಅನ್ನು ಕಂಟ್ರೋಲರ್ ತಾನೇ ರೈಟ್ ಥ್ರೂಗೆ ಇಳಿಸುತ್ತದೆ, ಕೆಲಸ ಮುಗಿಯುವವರೆಗೆ. ಪರ್ಕ್ ಕೈಪಿಡಿಯಲ್ಲಿ ಒಂದು ಸಣ್ಣ ಟಿಪ್ಪಣಿಯಾಗಿ ಇದನ್ನು ಹೇಳಿದ್ದಾರೆ. ಬಾಕ್ಸ್ ಕಟ್ಟಿ ದಪ್ಪಕ್ಷರದಲ್ಲಿ ಹಾಕಬೇಕಿದ್ದ ಸಾಲು ಅದು, ನನ್ನ ಪ್ರಕಾರ. ಒಂದು ಕಡೆ ಕ್ಯಾಶ್ ಇಲ್ಲ. ಇನ್ನೊಂದು ಕಡೆ ನಾಲ್ಕು ಡಿಸ್ಕ್‌ನಲ್ಲಿ ಹರಡಿದ್ದ ಡೇಟಾ ಮತ್ತು ಪ್ಯಾರಿಟಿಯನ್ನು ಸಾಲು ಸಾಲಾಗಿ ಓದಿ ಐದು ಡಿಸ್ಕ್ ಮೇಲೆ ಮತ್ತೆ ಹರಡುವ ಕೆಲಸ. ಎರಡೂ ಸೇರಿದರೆ ಬಿಲ್ಲಿಗೆ ಅರ್ಧ ನಿಮಿಷ.

ನಿಲ್ಲಿಸಿಬಿಡೋಣ ಅಂದರೆ ಆಗುವುದಿಲ್ಲ. ಶುರುವಾದ ರೀಕನ್ಫಿಗರ್‌ಗೆ ರದ್ದು ಬಟನ್ ಇಲ್ಲ. ಸರ್ವರ್ ರೀಬೂಟ್ ಮಾಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ, ಅಷ್ಟೇ. ಕೈಯಲ್ಲಿರುವುದು ಒಂದೇ ಗುಬುಟು: ರೀಕನ್ಸ್ಟ್ರಕ್ಟ್ ರೇಟ್. ಸಾಮಾನ್ಯವಾಗಿ 30 ಪರ್ಸೆಂಟ್‌ಗೆ ಇಟ್ಟಿರುತ್ತಾರೆ. ಜಾಸ್ತಿ ಮಾಡಿದರೆ ಬೇಗ ಮುಗಿಯುತ್ತದೆ, ಬಳಸುವವರು ಒದ್ದಾಡುತ್ತಾರೆ. ನಾನು ಹಗಲಲ್ಲಿ 10ಕ್ಕೆ ಇಳಿಸಿ, ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚಿದ ಮೇಲೆ ಮನೆಯಿಂದಲೇ 80ಕ್ಕೆ ಏರಿಸಿದೆ. ಬಿಲ್ಲು ಆರೇಳು ಸೆಕೆಂಡಿಗೆ ಬಂತು. ಚೆನ್ನಾಗಿಲ್ಲ, ಆದರೆ ಕೌಂಟರ್ ಓಡಿತು.

ಎರಡನೇ ತಪ್ಪು ಸಮಯದ ಅಂದಾಜು. ಇಡೀ ಡಿಸ್ಕ್ ಕ್ಲೋನ್ ಮಾಡಿದ ಹಾಗೆ ಎಂಟು ಹತ್ತು ಗಂಟೆ ಅಂದುಕೊಂಡಿದ್ದೆ. ರೀಕನ್ಫಿಗರ್ ಹಾಗಲ್ಲ. ಓದಿ ಬರೆದು ಓದಿ ಬರೆದು ತೆವಳುತ್ತದೆ, ದಿನಗಳ ಲೆಕ್ಕ ಇಟ್ಟುಕೊಳ್ಳಿ. ದೊಡ್ಡ ಡಿಸ್ಕ್ ಆದರೆ ವಾರವೂ ಹಿಡಿಯಬಹುದು. ಬ್ಯಾಕಪ್ ಚೆನ್ನಾಗಿದ್ದರೆ ಹಳೆಯದನ್ನು ಅಳಿಸಿ, ಐದು ಡಿಸ್ಕ್‌ನ ಹೊಸ ವರ್ಚುವಲ್ ಡಿಸ್ಕ್ ಮಾಡಿ, ರಿಸ್ಟೋರ್ ಮಾಡುವುದೇ ಎಷ್ಟೋ ಸಲ ಬೇಗ. ಸ್ಟ್ರೈಪ್ ಸೈಜ್ (ಡೇಟಾವನ್ನು ಡಿಸ್ಕ್‌ಗಳಿಗೆ ಹಂಚುವ ತುಂಡಿನ ಗಾತ್ರ) ಬದಲಿಸಬೇಕಿದ್ದರಂತೂ ಅದೇ ದಾರಿ, ರೀಕನ್ಫಿಗರ್‌ನಲ್ಲಿ ಅದು ಬದಲಾಗುವುದಿಲ್ಲ. ಯಾವ ದಾರಿ ಹಿಡಿದರೂ ಬ್ಯಾಕಪ್ ಬೇಕು. ಬ್ಯಾಕಪ್ ಇಲ್ಲದೆ ರೀಕನ್ಫಿಗರ್ ಒತ್ತುವವರ ಜೊತೆ ನಾನು ಕೆಲಸ ಮಾಡುವುದಿಲ್ಲ.

ಇನ್ನು ಕೆಲವರ ದೂರು ಉಲ್ಟಾ: ರೀಕನ್ಫಿಗರ್ ಆಯ್ಕೆಯೇ ಕಾಣುತ್ತಿಲ್ಲ, ಅಥವಾ ಹೊಸ ಡಿಸ್ಕ್ ಪಟ್ಟಿಯಲ್ಲಿ ಬರುತ್ತಿಲ್ಲ. ಮೊದಲು ಆ ಡಿಸ್ಕ್ ಗುಂಪಿನಲ್ಲಿ ಎಷ್ಟು ವರ್ಚುವಲ್ ಡಿಸ್ಕ್ ಇವೆ ನೋಡಿ. ಅದೇ ಡಿಸ್ಕ್‌ಗಳ ಮೇಲೆ ಓಎಸ್‌ಗೆ ಒಂದು, ಡೇಟಾಗೆ ಒಂದು ಅಂತ ಎರಡು ಕೆತ್ತಿದ್ದರೆ ರೀಕನ್ಫಿಗರ್ ಆಗುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಅಚ್ಚುಕಟ್ಟು ಅಂತ ಮಾಡಿದ್ದು ಐದು ವರ್ಷದ ಮೇಲೆ ಕಾಲಿಗೆ ಸುತ್ತಿಕೊಳ್ಳುತ್ತದೆ. ರೇಡ್ 50, ರೇಡ್ 60 ಕೂಡ ಆಗುವುದಿಲ್ಲ. ವರ್ಚುವಲ್ ಡಿಸ್ಕ್ ಡಿಗ್ರೇಡ್ ಆಗಿದ್ದರೆ, ಅಂದರೆ ಒಂದು ಡಿಸ್ಕ್ ಕೆಟ್ಟು ಉಳಿದವುಗಳ ಮೇಲೆ ಓಡುತ್ತಿದ್ದರೆ, ಮೊದಲು ಕೆಟ್ಟ ಡಿಸ್ಕ್ ಬದಲಿಸಿ, ರೀಬಿಲ್ಡ್ ಮುಗಿಯಲಿ. ಹೊಸ ಡಿಸ್ಕ್ ಹಾಟ್ ಸ್ಪೇರ್ (ಒಂದು ಕೆಟ್ಟರೆ ಅದರ ಜಾಗಕ್ಕೆ ಬರುವ ಮೀಸಲು ಡಿಸ್ಕ್) ಆಗಿ ಕೂತಿದ್ದರೆ ಅಲ್ಲಿಂದ ಬಿಡಿಸಿ. ಸಾಸ್, ಸಾಟಾ ಅಂದರೆ ಡಿಸ್ಕ್ ಜೋಡಿಸುವ ಎರಡು ಬೇರೆ ಬಗೆ; ಸಾಸ್ ಗುಂಪಿಗೆ ಸಾಟಾ ಡಿಸ್ಕ್ ಸೇರುವುದಿಲ್ಲ, ತಿರುಗುವ ಡಿಸ್ಕ್ ಜೊತೆ ಎಸ್‌ಎಸ್‌ಡಿ ಸೇರುವುದಿಲ್ಲ, ಸೈಜ್ ಚಿಕ್ಕದಿದ್ದರೂ ಇಲ್ಲ. ಬೇರೆ ಸರ್ವರ್‌ನಿಂದ ತಂದ ಡಿಸ್ಕ್ ಆದರೆ ಫಾರಿನ್ ಅಂತ ತೋರಿಸುತ್ತದೆ. ಅದರ ಹಳೆಯ ಕನ್ಫಿಗರೇಶನ್ ಅಳಿಸಿದರೆ ರೆಡಿ ಆಗುತ್ತದೆ. ಹಾಗೆ ಅಳಿಸುವ ಮುಂಚೆ ಫಾರಿನ್ ಅಂತ ತೋರಿಸುತ್ತಿರುವುದು ಹೊಸ ಡಿಸ್ಕ್ ಒಂದೇ ತಾನೇ ಅಂತ ಎರಡು ಸಲ ನೋಡಿ. ನಿಮ್ಮದೇ ಹಳೆಯ ಡಿಸ್ಕ್ ಒಂದು ಕ್ಷಣ ಕಳಚಿ ಮತ್ತೆ ಕೂತಿದ್ದರೂ ಫಾರಿನ್ ಅಂತಲೇ ಬರಬಹುದು.

ಒತ್ತಬಾರದ ಬಟನ್

ಇದೊಂದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇಲ್ಲಿ ಆಗುವ ತಪ್ಪಿಗೆ ಪರಿಹಾರ ಇಲ್ಲ. ಸರ್ವರ್ ಬೂಟ್ ಆಗುವಾಗ ಪರದೆ ನಿಂತುಬಿಡುತ್ತದೆ. ಕೆಲವು ವರ್ಚುವಲ್ ಡಿಸ್ಕ್‌ಗಳು ಕಾಣೆಯಾಗಿವೆ, ಅವುಗಳ ಕ್ಯಾಶ್ ಉಳಿಸಿಕೊಂಡಿದ್ದೇನೆ, ಕೇಬಲ್ ಮತ್ತು ಡಿಸ್ಕ್ ಪರೀಕ್ಷಿಸಿ ಅಂತ ಸಂದೇಶ. ಪ್ರಿಸರ್ವ್ಡ್ ಕ್ಯಾಶ್ ಅಂತಲೂ ಪಿನ್ಡ್ ಕ್ಯಾಶ್ ಅಂತಲೂ ಇದರ ಹೆಸರು. ಕಚ್ಚಾ ಪುಸ್ತಕದಲ್ಲಿ ಬರೆದದ್ದಿದೆ, ಇಳಿಸಲು ಪಕ್ಕಾ ಪುಸ್ತಕವೇ ಸಿಗುತ್ತಿಲ್ಲ ಅಂತ ಗುಮಾಸ್ತ ಪುಸ್ತಕ ಎದೆಗವಚಿಕೊಂಡು ನಿಂತಿದ್ದಾನೆ ಅಂದುಕೊಳ್ಳಿ. ಇದು ಇರುವವರೆಗೆ ಹೊಸ ವರ್ಚುವಲ್ ಡಿಸ್ಕ್ ಮಾಡಲೂ ಬಿಡುವುದಿಲ್ಲ.

ಪಕ್ಕದಲ್ಲೇ ಡಿಸ್ಕಾರ್ಡ್ ಅನ್ನುವ ಆಯ್ಕೆ ಇರುತ್ತದೆ. ಅವಸರದಲ್ಲಿ ಬೆರಳು ಅಲ್ಲಿಗೇ ಹೋಗುತ್ತದೆ. ಒತ್ತಬೇಡಿ. ಸರ್ವರ್ ಪೂರ್ತಿ ಆಫ್ ಮಾಡಿ, ಡಿಸ್ಕ್‌ಗಳು ಸರಿಯಾಗಿ ಕೂತಿವೆಯಾ, ಕೇಬಲ್ ಸಡಿಲವಾಗಿದೆಯಾ ನೋಡಿ, ಹೊರಗಿನ ಡಿಸ್ಕ್ ಬಾಕ್ಸ್ ಇದ್ದರೆ ಅದಕ್ಕೆ ಮೊದಲು ಕರೆಂಟ್ ಕೊಡಿ. ಆಮೇಲೆ ಬೂಟ್ ಮಾಡಿ. ಡಿಸ್ಕ್‌ಗಳು ಮರಳಿದರೆ, ಅಥವಾ ಫಾರಿನ್ ಅಂತ ಬಂದು ಇಂಪೋರ್ಟ್ ಮಾಡಿದರೆ, ಉಳಿಸಿಕೊಂಡ ಕ್ಯಾಶ್ ತಾನೇ ಡಿಸ್ಕ್‌ಗೆ ಇಳಿಯುತ್ತದೆ. ಡಿಸ್ಕಾರ್ಡ್ ಮಾಡಿದರೆ ಕೊನೆಯ ಕ್ಷಣಗಳಲ್ಲಿ ಬರೆದದ್ದು ಮಾಯ. ಡೇಟಾಬೇಸ್ ಇದ್ದರೆ ಅಷ್ಟು ಸಾಕು ಕೆಡಲು. ಆ ವರ್ಚುವಲ್ ಡಿಸ್ಕ್ ಇನ್ನು ಬೇಡವೇ ಬೇಡ, ಬ್ಯಾಕಪ್‌ನಿಂದ ಹೊಸದಾಗಿ ಕಟ್ಟುತ್ತೇನೆ ಅನ್ನುವಾಗ ಮಾತ್ರ ಆ ಬಟನ್.

ಮಂಗಳವಾರ ರಾತ್ರಿ

ಹನ್ನೊಂದರ ಹೊತ್ತಿಗೆ ರೀಕನ್ಫಿಗರ್ ಮುಗಿಯಿತು. ಪಾಲಿಸಿ ರೈಟ್ ಬ್ಯಾಕ್‌ಗೆ ಮರಳುವುದನ್ನೇ ಕಾದೆ. ಮರಳಲಿಲ್ಲ. ಡೀಫಾಲ್ಟ್ ರೈಟ್ ಬ್ಯಾಕ್, ಕರೆಂಟ್ ರೈಟ್ ಥ್ರೂ, ಹಾಗೇ ಇದೆ. ಈಗ ಯಾವ ಕೆಲಸವೂ ಅಡ್ಡ ಇಲ್ಲವಲ್ಲ?

ಆಗ ಮಾಡಬೇಕಾದ್ದು, ನಾನು ಸೋಮವಾರವೇ ಮಾಡಬೇಕಿದ್ದದ್ದು: ಬ್ಯಾಟರಿ ನೋಡುವುದು. ಬದಲಿಸಬೇಕು ಅಂತ ಕೆಂಪಗೆ ಕೂತಿತ್ತು. ಲಾಗ್ ಹಿಂದಕ್ಕೆ ಎಳೆದರೆ ಆ ಎಚ್ಚರಿಕೆ ಏಳು ತಿಂಗಳಿಂದ ಬರುತ್ತಿದೆ. ಹಾಗಾದರೆ ಏಳು ತಿಂಗಳಿಂದ ಸರ್ವರ್ ನಿಧಾನವಾಗಿರಬೇಕಿತ್ತು, ಅಲ್ವಾ? ಶನಿವಾರದವರೆಗೂ ಓಡುತ್ತಿದ್ದದ್ದು ಹೇಗೆ?

ಉತ್ತರ ಮೊಬೈಲ್‌ನಲ್ಲಿತ್ತು. ಶನಿವಾರದ ಫೋಟೊ ದೊಡ್ಡದು ಮಾಡಿ ನೋಡಿದೆ. ಡೀಫಾಲ್ಟ್ ಸಾಲಿನ ಕೊನೆಯಲ್ಲಿ "ಬ್ಯಾಟರಿ ಕೆಟ್ಟಿದ್ದರೂ ಪರವಾಗಿಲ್ಲ" ಅನ್ನುವ ತುಣುಕು. ಅಂದರೆ ಫೋರ್ಸ್ ರೈಟ್ ಬ್ಯಾಕ್. ಬ್ಯಾಟರಿ ಸತ್ತಾಗ ಸರ್ವರ್ ನಿಧಾನವಾಗಿದೆ, ಆಗ ಬಂದವರು ಬ್ಯಾಟರಿ ಬದಲಿಸದೆ ಫೋರ್ಸ್ ಮಾಡಿ ಹೋಗಿದ್ದಾರೆ. ಎಲ್ಲರಿಗೂ ಖುಷಿ. ಸೋಮವಾರ ನಾನು ಅರಿವಿಲ್ಲದೆ ಅದನ್ನು ಮಾಮೂಲಿ ರೈಟ್ ಬ್ಯಾಕ್‌ಗೆ ಬದಲಿಸಿಬಿಟ್ಟಿದ್ದೆ. ಹಾಗಾಗಿ ಈಗ ಕಂಟ್ರೋಲರ್ ಬ್ಯಾಟರಿ ನೋಡಿ, ಇಲ್ಲ ಅಂತ ಕಂಡು, ರೈಟ್ ಥ್ರೂನಲ್ಲೇ ಉಳಿಯಿತು. ಮೊದಲ ತಪ್ಪಿನಿಂದಲೇ ಮೂರನೆಯದು ಹೊರಗೆ ಬಂತು.

ಮಾಲೀಕರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ: "ಯುಪಿಎಸ್ ಇದೆಯಲ್ಲ ಸಾರ್?" ಇದೆ. ಆದರೆ ಯುಪಿಎಸ್‌ನಿಂದ ಸರ್ವರ್‌ವರೆಗೆ ಒಂದು ವೈರ್ ಇದೆ, ಅದನ್ನು ಗುಡಿಸುವವರು ಎಡವಬಹುದು. ಸರ್ವರ್‌ನ ಪವರ್ ಸಪ್ಲೈ ಸುಡಬಹುದು. ಯುಪಿಎಸ್‌ನ ಬ್ಯಾಟರಿಯೂ ಇದೇ ವಯಸ್ಸಿನದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಕರೆಂಟ್ ಹತ್ತು ಸಲ ಹೋಗಿ ಬರುತ್ತದೆ. ಪ್ರತಿ ಸಲವೂ "ಬಿಲ್ ಸೇವ್ ಆಯ್ತು" ಅಂತ ಪರದೆ ಹೇಳಿದ್ದು ನೂರಾರು ಎಂಬಿ ಕ್ಯಾಶ್‌ನಲ್ಲಿ ನೇತಾಡುತ್ತಿರುತ್ತದೆ. ಏಳು ತಿಂಗಳು ಏನೂ ಆಗದೇ ಇದ್ದದ್ದು ಅದೃಷ್ಟ.

ಇದೇ ಮಾತು ಡಿಸ್ಕ್‌ನೊಳಗಿನ ಕ್ಯಾಶ್‌ಗೂ ಹೊಂದುತ್ತದೆ. ವರ್ಚುವಲ್ ಡಿಸ್ಕ್ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಕ್ಯಾಶ್ ಪಾಲಿಸಿ ಅಂತ ಬೇರೆ ಸಾಲು ಇರುತ್ತದೆ. ಪ್ರತಿ ಡಿಸ್ಕ್‌ನಲ್ಲೂ ಅದರದೇ ಮೆಮೊರಿ ಇದೆ. ಕಂಟ್ರೋಲರ್ ಬ್ಯಾಟರಿ ಅದನ್ನು ಕಾಯುವುದಿಲ್ಲ. ಡೆಲ್ ಕಾರ್ಡ್‌ಗಳಲ್ಲಿ ಸಾಸ್ ಡಿಸ್ಕ್‌ಗೆ ಇದು ಮೊದಲೇ ಆಫ್ ಇರುತ್ತದೆ, ಸಾಟಾ ಡಿಸ್ಕ್‌ಗೆ ಆನ್. ಲೆಕ್ಕಪತ್ರದ ಸರ್ವರ್ ಆದರೆ ನಾನು ಆಫ್ ಮಾಡಿಯೇ ಬರುತ್ತೇನೆ. ಕಂಟ್ರೋಲರ್ ಕ್ಯಾಶ್ ಚೆನ್ನಾಗಿದ್ದರೆ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ.

ಬ್ಯಾಟರಿ ಗುರುವಾರ ಬಂತು. ಅಲ್ಲಿಯವರೆಗೆ ರೈಟ್ ಥ್ರೂನಲ್ಲೇ ಓಡಿಸಿದೆ. "ಎರಡು ದಿನಕ್ಕೆ ಅದೇನೋ ಫೋರ್ಸ್ ಮಾಡಿ ಸಾರ್" ಅಂದರು, ಒಪ್ಪಲಿಲ್ಲ. ರೀಕನ್ಫಿಗರ್ ಮುಗಿದಿದ್ದರಿಂದ ಬಿಲ್ಲು ಮೂರು ಸೆಕೆಂಡಿಗೆ ಬಂದಿತ್ತು, ತಡೆದುಕೊಂಡರು. ಸಂಜೆ ಸರ್ವರ್ ಆಫ್ ಮಾಡಿ, ಪವರ್ ವೈರ್ ಕಿತ್ತು, ಹೊಸ ಬ್ಯಾಟರಿ ಹಾಕಿದೆ. ಹಾಕಿದ ತಕ್ಷಣ ರೈಟ್ ಬ್ಯಾಕ್ ಬರಲಿಲ್ಲ. ಬರುವುದಿಲ್ಲ, ಚಾರ್ಜ್ ಆಗಬೇಕು. ಇದನ್ನು ತಿಳಿಯದೆ ಹೊಸ ಬ್ಯಾಟರಿಯೂ ಕೆಟ್ಟದ್ದು ಅಂತ ವಾಪಸ್ ಕಳಿಸಿದವರನ್ನು ನೋಡಿದ್ದೇನೆ. ರಾತ್ರಿ ಮನೆಯಿಂದ ನೋಡಿದಾಗ ಲಾಗ್‌ನಲ್ಲಿ ಬ್ಯಾಟರಿ ಸರಿಯಿದೆ, ರೈಟ್ ಥ್ರೂ ಡಿಸ್ಕ್‌ಗಳನ್ನು ರೈಟ್ ಬ್ಯಾಕ್ ಮಾಡುತ್ತಿದ್ದೇನೆ ಅನ್ನುವ ಸಾಲು ಬಿದ್ದಿತ್ತು. ಎರಡೂ ಪಾಲಿಸಿ ಒಂದೇ ಆದವು.

ಉಳಿದದ್ದು ಜಾಗ ಹಿಗ್ಗಿಸುವುದು. ರೀಕನ್ಫಿಗರ್ ಆದ ಮಾತ್ರಕ್ಕೆ ಡ್ರೈವ್ ತಾನೇ ದೊಡ್ಡದಾಗುವುದಿಲ್ಲ. ಕಂಟ್ರೋಲರ್ ಲೆಕ್ಕದಲ್ಲಿ 6 ಟಿಬಿ 8 ಆಗಿದೆ, ವಿಂಡೋಸ್ ಲೆಕ್ಕದಲ್ಲಿ ಅದು 5.45ರಿಂದ 7.27. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ರೀಸ್ಕ್ಯಾನ್ ಕೊಟ್ಟರೆ ಕೊನೆಯಲ್ಲಿ ಖಾಲಿ ಜಾಗ ಕಾಣುತ್ತದೆ, ಕಾಣದಿದ್ದರೆ ಒಂದು ರೀಬೂಟ್. ಆಮೇಲೆ ವಾಲ್ಯೂಮ್ ಎಕ್ಸ್‌ಟೆಂಡ್. ಡಿಸ್ಕ್‌ನ ಪಾರ್ಟಿಷನ್ ಪಟ್ಟಿ ಹಳೆಯ ಎಂಬಿಆರ್ ಬಗೆಯದಾದರೆ 2 ಟಿಬಿ ದಾಟಿದ ಜಾಗ ಬಳಕೆಗೆ ಸಿಗುವುದಿಲ್ಲ, ಹೊಸ ಬಗೆಯಾದ ಜಿಪಿಟಿ ಇರಬೇಕು. ಇದನ್ನು ಡಿಸ್ಕ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ, ಮೂರು ದಿನ ಕಾದ ಮೇಲೆ ಅಲ್ಲ.

ಶುಕ್ರವಾರ ಬೆಳಿಗ್ಗೆ ಇನ್ನೊಮ್ಮೆ ಹೋಗಿ ಕೌಂಟರ್‌ನಲ್ಲಿ ನಿಂತು ನೋಡಿದೆ. ಬಿಲ್ಲು ಸೆಕೆಂಡಿನೊಳಗೆ ಸೇವ್. ಬ್ಯಾಟರಿ ಹಾಕಿದ ತಾರೀಖನ್ನು ಸರ್ವರ್ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದು, ಅದರ ಕೆಳಗೆ "ಫೋರ್ಸ್ ಮಾಡಬೇಡಿ" ಅಂತ ಸೇರಿಸಿ ಬಂದೆ.